ಕಡಲ ತಳದ ಗುಮ್ಮಟ

ಮೊನ್ನೆ ನಮ್ಮ ಬೀದಿಯ ಸೈಡ್‌ವಾಕು ಒಡೆದು ಹೊಸದಾಗಿ ಕಾಂಕ್ರೀಟು ಹಾಕಿದರು. ಗ್ರೋಸರಿ ಚೀಲ ಹಿಡಿದು ಕಾರಿನಿಂದ ಇಳಿದವಳ ಮೂಗಿಗೆ ಹಸಿ ಸಿಮೆಂಟಿನ ವಾಸನೆ ಬಡಿಯಿತು. ಒದ್ದೆ ಸುಣ್ಣದ ಹಾಗೆ ಗಂಟಲಲ್ಲಿ ಕೂರುವ ವಾಸನೆ... ನಾಲ್ಕು ವರ್ಷದಿಂದ ಯಾರ ಮುಂದೂ ಬಾಯಿಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. ಕೆಲಸದವರು ನನ್ನನ್ನೇ ನೋಡುತ್ತಿದ್ದರು. ಕಣ್ಣೊರೆಸಿಕೊಂಡು ಒಳಗೆ ಬಂದೆ.

ಕಾಕೂ ನನಗೆ ಬಂಧುವೇನಲ್ಲ. ಫಾಸ್ಟರ್ ಸಿಟಿಯಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು, ವಿಜಾಪುರದವರು. ಮೈಸೂರಿನವಳಾದ ನಾನು ಮೊದಲ ದಿನ "ಆಂಟಿ" ಎಂದದ್ದಕ್ಕೆ, "ಆಂಟಿ ಗೀಂಟಿ ನಡಿಯಂಗಿಲ್ಲ, ಕಾಕೂ ಅನ್ನು" ಎಂದು ಗದರಿದ್ದರು. ಕಾಕೂ ಎಂದರೆ ಅವರ ಕಡೆ ಚಿಕ್ಕಮ್ಮ; ಅವರ ಗಂಡ ಹಾಗೆಯೇ ನನಗೆ ಕಾಕಾ ಆದರು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಮಗಳಿಗೆ ಡೇಕೇರಿನಲ್ಲಿ ಜ್ವರ ಬಂದಾಗೆಲ್ಲ ಕರೆದುಕೊಂಡು ಬರುತ್ತಿದ್ದವರು ಕಾಕೂನೇ. ನಾನು ಆಫೀಸಿನಿಂದ ಏದುಸಿರು ಬಿಡುತ್ತಾ ಓಡಿಬರುವಷ್ಟರಲ್ಲಿ ಮಗು ಅವರ ತೊಡೆಯ ಮೇಲೆ ಕೂತು ಗಂಜಿ ಕುಡಿಯುತ್ತಿರುತ್ತಿತ್ತು.

ಕಾಕಾ ಜೀವಮಾನವಿಡೀ ಕಾಂಕ್ರೀಟು ಪರೀಕ್ಷೆ ಮಾಡಿದವರು. ಫ್ರೀವೇ ಮೇಲೆ ಹೋಗುವಾಗ "ಈ ಬ್ರಿಜ್ಜಿನ ಕಂಬ ನಾ ಪಾಸ್ ಮಾಡಿದ್ದು" ಎಂದು ಹೇಳದೆ ಬಿಟ್ಟವರಲ್ಲ. ಸಮುದ್ರ ಕಾಣದ ಊರಲ್ಲಿ ಹುಟ್ಟಿದ್ದಕ್ಕೋ ಏನೋ, ಅದರ ಹುಚ್ಚು ಬಹಳ. ಕಾಯಿಲೆ ಬಂದು, ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದ ಮೇಲೆ ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿದರು. ಮೈತುಂಬ ತೂತಿರುವ, ಬೋರಲು ಹಾಕಿದ ಬಟ್ಟಲಿನಂಥ ಕಾಂಕ್ರೀಟು ಗುಡ್ಡೆ. ಸತ್ತವರ ಬೂದಿಯನ್ನು ಸಿಮೆಂಟಿಗೆ ಕಲಸಿ ಅದನ್ನು ಮಾಡಿ ಕಡಲ ತಳದಲ್ಲಿ ಇಡುತ್ತಾರಂತೆ. ಕಾಲಕ್ರಮೇಣ ಅದರ ಮೇಲೆ ಹವಳ, ಪಾಚಿ ಬೆಳೆದು ಮೀನುಗಳು ವಾಸಕ್ಕೆ ಬರುತ್ತವಂತೆ.

"ನೋಡವಾ, ನಮ್ಮೂರ ಗೋಳಗುಮ್ಮಟ ಇದ್ದಾಂಗ ಅದ. ಸತ್ತ ಮ್ಯಾಲೂ ನಾ ಮೀನಿಗೆ ಮನಿ ಕಟ್ಟಿಕೊಡಾಂವ" ಎಂದು ನಕ್ಕರು. ಕಾಕೂ ಎದ್ದು ಅಡುಗೆಮನೆಗೆ ಹೋದರು.

ನಮ್ಮ ಈ ಕಡೆಯ ಸಮುದ್ರದಲ್ಲಿ ಅಂಥ ವ್ಯವಸ್ಥೆ ಸಿಗಲಿಲ್ಲ. ಹಾಗಾಗಿ ಕಾಕಾ ಹೋದ ಎರಡು ತಿಂಗಳಿಗೆ ಕಾಕೂ ಬೂದಿಯ ಡಬ್ಬ ಎದೆಗವಚಿಕೊಂಡು ದೇಶದ ಇನ್ನೊಂದು ತುದಿಯ ಫ್ಲೋರಿಡಾಕ್ಕೆ ಹೊರಟರು. ರಜೆ ಹಾಕಿ ಜೊತೆಗೆ ನಾನೂ ಹೋದೆ.

ಶುಕ್ರವಾರ ಕಾಂಕ್ರೀಟು ಕಲಸುವ ದಿನ. ಕಾಕೂ ಚೀಲದಿಂದ ಬುಂದಿ ಉಂಡೆಯ ಡಬ್ಬ ತೆಗೆದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಗಂಡನ ಬೂದಿ ಕಲಸುವ ದಿನ ಸಿಹಿಯೇ! "ಸ್ಲ್ಯಾಬ್ ಹಾಕೋ ದಿನ ಕೆಲಸದವರ ಬಾಯಿ ಸಿಹಿ ಮಾಡ್ದೆ ಕಳಸ್ತಾರೇನು? ಇದೂ ಮನೀನ ಅಲ್ಲೇನು?" ಎಂದರು. ಅಲ್ಲಿದ್ದ ಮೂವರು ಕೆಲಸದವರು, ಏನು ಅರ್ಥವಾಯಿತೋ, ಟೋಪಿ ತೆಗೆದು ಎರಡೂ ಕೈಯಲ್ಲಿ ಉಂಡೆ ಇಸಿದುಕೊಂಡರು.

ಬೂದಿಯನ್ನು ಕಾಕೂನೇ ಸುರಿದರು, ಕೋಲು ಹಿಡಿದು ಅವರೇ ಕಲಸಿದರು. ಹಸಿ ಇರುವಾಗ ಮನೆಯವರು ಅದರ ಮೇಲೆ ಅಂಗೈ ಒತ್ತಬಹುದು. ಕಾಕೂ ತಮ್ಮ ಬಲಗೈ ಒತ್ತಿ ಎಷ್ಟು ಹೊತ್ತಾದರೂ ತೆಗೆಯಲಿಲ್ಲ... ಕೊನೆಗೆ ನಾನೇ ಮಣಿಕಟ್ಟು ಹಿಡಿದು ಬಿಡಿಸಿದೆ. ಶನಿವಾರ, ಭಾನುವಾರ ಎರಡೂ ದಿನ ನೀರಿನ ಬಾಟಲಿ ಹಿಡಿದು ಅಲ್ಲಿಗೆ ಹೋದರು. ಹಸಿ ಕಾಂಕ್ರೀಟಿಗೆ ನೀರುಣಿಸಿ ಕ್ಯೂರಿಂಗ್ ಮಾಡಬೇಕಲ್ಲ, ಇಷ್ಟೂ ಗೊತ್ತಿಲ್ಲವೇ ಎಂದು ನನ್ನನ್ನೇ ಕೇಳಿದರು. ಗುಡ್ಡೆಯ ಮೇಲೆ ನಿಧಾನವಾಗಿ ನೀರು ಹನಿಸುತ್ತಾ ಅದರೊಡನೆ ಏನೇನೋ ಮಾತಾಡುತ್ತಿದ್ದರು.

ಸೋಮವಾರ ದೋಣಿಯಲ್ಲಿ ಹೋದೆವು. ಕ್ರೇನು ಅದನ್ನು ಎತ್ತಿ ನೀರಿಗೆ ಇಳಿಸಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಏನೂ ಇರಲಿಲ್ಲ. ಕಾಕೂ ನನ್ನ ಕೈ ಹಿಡಿದುಕೊಂಡು, "ನಾ ಹ್ವಾದ ಮ್ಯಾಲೆ ನನ್ನೂ ಇಲ್ಲೇ, ಇವರ ಬಾಜೂಕ ಇಡಿಸ್ಬೇಕು ನೋಡು ತಂಗೀ. ನಿನಗ ಒಬ್ಬಾಕಿಗೆ ಹೇಳಿಟ್ಟೀನಿ" ಎಂದರು.

"ಅಯ್ಯೋ, ಬಿಡ್ತು ಅನ್ನಿ ಕಾಕೂ!" ಎಂದೆ.

ಫಾಸ್ಟರ್ ಸಿಟಿಗೆ ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಅವರು ಕಾಗದ, ಪೆನ್ನು ಹಿಡಿದು ನಮ್ಮ ಮನೆಗೆ ಬಂದರು. ಆ ಮಾತನ್ನು ಬರೆದಿಡಬೇಕು, ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಕೇಳಿದರು. ನಾನು ಕಾಗದ ಕಿತ್ತುಕೊಂಡು ಮಡಚಿ ಎಸೆದೆ. ಬದುಕಿರುವಾಗಲೇ ಇಂಥದ್ದೆಲ್ಲ ಬರೆಯಬಾರದು, ಅಪಶಕುನ, ನೀವು ನೂರು ವರ್ಷ ಇರಬೇಕು ಎಂದು ಬೈದೆ. ಕಾಕೂ ನಕ್ಕು "ಆತು ಬಿಡವಾ, ನೀ ಇದ್ದೀಯಲ್ಲ" ಎಂದರು. ಅವರು ಮತ್ತೆ ಕಾಗದ ಮುಟ್ಟಲಿಲ್ಲ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಒಂದೂವರೆ ವರ್ಷವೂ ಕಳೆದಿರಲಿಲ್ಲ. ಒಂದು ಬೆಳಗ್ಗೆ ಬಾಗಿಲು ತಟ್ಟಿದರೆ ಕಾಕೂ ತೆಗೆಯಲಿಲ್ಲ...

ಕಾಕೂನ ಅಣ್ಣನ ಮಗ ಟೆಕ್ಸಾಸಿನಿಂದ ಬಂದ. ಎಲ್ಲವನ್ನೂ ಅವನೇ ಮಾಡಿದ. ಅವನಿಗೆ ಊಟ ಕೊಡಲು ಹೋದಾಗ ನೋಡುತ್ತೇನೆ, ಕಾಕೂನ ಕಪಾಟು, ಪರ್ಸು, ದೇವರ ಗೂಡು, ಕೊನೆಗೆ ಬೇಳೆಯ ಡಬ್ಬಗಳನ್ನೂ ಬಿಡದೆ ತೆಗೆದು ತಡಕಾಡುತ್ತಿದ್ದ. ಒಡವೆ ಹುಡುಕುತ್ತಿದ್ದಾನೆ ಎಂದುಕೊಂಡೆ. ಹೆಣ ಸುಟ್ಟು ಎರಡು ದಿನವಾಗಿಲ್ಲ, ನೋಡಿ ಬುದ್ಧಿ! ನನಗೆ ಮೈ ಉರಿದುಹೋಯಿತು. ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ.

ಅವನು ಕೈ ತೊಳೆದು ಬಂದು ಕೂತ. "ಅಪ್ಪ ಬೂದಿ ಕೃಷ್ಣಾ ಹೊಳಿಗೆ ಒಯ್ಯೂಣು ಅಂತಾರ್ರೀ ಅಕ್ಕಾ" ಎಂದು ಹೇಳಿ ನನ್ನ ಮುಖ ನೋಡಿದ. ಏನಾದರೂ ಹೇಳುತ್ತೇನೋ ಎಂದು ಕಾಯುತ್ತಿರುವಂತೆ ನೋಡಿದ. ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಯಾರು? ಪಕ್ಕದ ಮನೆಯವಳು. ತಮ್ಮವರ ಬೂದಿಯ ಬಗ್ಗೆ ಮನೆಯ ಹಿರಿಯರು ಹೇಳಿದ ಮೇಲೆ ನಡುವೆ ಬಾಯಿ ಹಾಕಲು ನನಗೇನು ಹಕ್ಕು? ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಸುಳ್ಳು ಹೇಳುತ್ತಿದ್ದಾಳೆ ಎಂದರೆ? ಅದೂ ಅಲ್ಲದೆ ಆ ಹೊತ್ತಿಗೆ ಅವನನ್ನು ಕಂಡರೆ ನನಗೆ ಅಸಹ್ಯವಾಗಿತ್ತು.

"ದೊಡ್ಡವರು ಹೇಳಿದ ಹಾಗೆ ಮಾಡಿ" ಎಂದೆ.

ಕಾಕೂ ಕೃಷ್ಣೆಯಲ್ಲಿ ಹೋದರು. ನಾವು ಸಾಂಟಾ ಕ್ಲಾರಾಕ್ಕೆ ಮನೆ ಬದಲಾಯಿಸಿದೆವು. ಎಲ್ಲ ನೀರೂ ಕೊನೆಗೆ ಒಂದೇ ಕಡೆ ಸೇರುತ್ತದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ಕಾಕೂ ಕೇಳಿದ್ದು ಎಲ್ಲೋ ಒಂದು ಕಡೆ ಅಲ್ಲ, ಕಾಕಾನ ಪಕ್ಕದಲ್ಲಿ, ಬಾಜೂಕ.

ಮೊನ್ನೆ ಒಳಗೆ ಬಂದವಳು ಗ್ರೋಸರಿ ಎತ್ತಿಡಲೂ ಇಲ್ಲ. ಆ ಹುಡುಗನ ನಂಬರು ಹುಡುಕಿ ಫೋನು ಮಾಡಿದೆ. ದೋಣಿಯಲ್ಲಿ ಕಾಕೂ ಆಡಿದ ಮಾತು ಹೇಳಿದೆ. ಅವನು ಬೈಯಲಿ ಎಂದೇ ಕಾದಿದ್ದೆ.

"ನನಗೂ ಹಂಗ ಅನಸಿತ್ರೀ ಅಕ್ಕಾ" ಎಂದ. "ಮಾಮಾ ಅಲ್ಲಿ ಸಮುದ್ರದಾಗ ಇದ್ದ ಮ್ಯಾಲೆ ಅತ್ತಿ ಮನಸ್ನ್ಯಾಗೂ ಅದ ಇರ್ತದ ಅಂತ. ಅಪ್ಪಗ ತೋರಸಾಕ ಆಕಿ ಕೈಯಿಂದ ಬರದದ್ದು ಒಂದ್ ಚೀಟಿ ಸಿಕ್ಕೀತೇನು ಅಂತ ಮನಿ ತುಂಬ ಹುಡುಕಿದ್ನಿ. ಕಾಳಿನ ಡಬ್ಬಿ ಸೈತ ಬಿಡಲಿಲ್ಲ. ನೀವರ ಒಂದ್ ಮಾತ್ ಹೇಳ್ತೀರೇನೋ ಅಂತ ನೋಡಿದ್ನಿ..."

ಅವರು ಬರೆಯಲು ಬಂದಿದ್ದರು, ಬೇಡ ಎಂದು ಕಾಗದ ಕಿತ್ತು ಎಸೆದವಳು ನಾನೇ ಎಂದು ಹೇಳಿದೆ.

ದೊಡ್ಡ ಮನಸ್ಸಿನ ಹುಡುಗ, "ಇರ್ಲಿ ಬಿಡ್ರಿ ಅಕ್ಕಾ, ಅಳಬ್ಯಾಡ್ರಿ" ಎಂದ. ಫೋನು ಇಟ್ಟ ಮೇಲೂ ನಾನು ಅಳುತ್ತಲೇ ಇದ್ದೆ. ಕಾಕಾ ಅಲ್ಲಿ ಒಬ್ಬರೇ ಇದ್ದಾರೆ. ಇನ್ನು ಒಬ್ಬರೇ ಇರುತ್ತಾರೆ.