ಒಂದು ತಂಬಿಗೆ ಕೆಂಪೆಣ್ಣೆ

ನಿನ್ನೆ ಬೆಳಿಗ್ಗೆ ಅಂಗಳ ಗುಡಿಸಿದೆ, ಎಮ್ಮೆಗೆ ಹಿಂಡಿ ಇಟ್ಟೆ, ಹೆಸರುಕಾಳು ನೆನೆಹಾಕಿದೆ, ರೊಟ್ಟಿ ಬಡಿದೆ. ಆಮೇಲೆ ಗೋಕಾಕಕ್ಕೆ ಹೋಗಿ ಎಂಟು ವರ್ಷದ ಸುಳ್ಳೊಂದನ್ನು ಒಪ್ಪಿಕೊಂಡು ಬಂದೆ. ಮೆಕ್ಯಾನಿಕ್ ರಾಜೇಸಾಬನ ಹೆಸರು ಕೆಟ್ಟದ್ದು ನನ್ನಿಂದ. ಅವನು ಮಾಡಿದ ಕೆಲಸ ಸರಿಯಾಗಿಯೇ ಇತ್ತು — ಕೆಡಿಸಿದವಳು ನಾನು, ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ನಮ್ಮದು ಹಳೆಯ ಪಿಕಪ್ ಟ್ರಕ್ಕು. ಮೂಡಲಗಿಯಿಂದ ಬೆಲ್ಲ ಹೇರಿಕೊಂಡು ಗೋಕಾಕಕ್ಕೂ ಹುಕ್ಕೇರಿಗೂ ಹೋಗುತ್ತದೆ. ಅದಕ್ಕೆ ಎಡಗಾಲಿನಿಂದ ಒತ್ತುವ ಕ್ಲಚ್ ಇಲ್ಲ, ಗೇರು ತಾನೇ ಬೀಳುತ್ತದೆ. ನಮ್ಮ ಮನೆಯವರಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಶಕ್ತಿ ಇಲ್ಲ. ಅವರು ಓಡಿಸಬಲ್ಲ ಗಾಡಿ ಇದೊಂದೇ. ಅದು ನಿಂತರೆ ಅವರೂ ಮನೆ ಹಿಡಿದು ಕೂತಂತೆ.

ಎಂಟು ವರ್ಷದ ಹಿಂದೆ ಗೇರ್ ಬಾಕ್ಸಿನ ತಳದಿಂದ ಕೆಂಪೆಣ್ಣೆ ಜಿನುಗತೊಡಗಿದಾಗ, ಗೋಕಾಕದ ರಾಜೇಸಾಬ ತಳ ಬಿಚ್ಚಿ ಹೊಸ ಪ್ಯಾಕಿಂಗ್ ಕೂರಿಸಿ, ಅಳತೆಗೆ ಎಣ್ಣೆ ಹಾಕಿ ಕೊಟ್ಟ. ಮರುವಾರವೇ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮ ಕಡೆ ಎಲ್ಲರ ರೂಢಿ. ನಮ್ಮ ಅತ್ತೆಯವರು ಇನ್ನೊಂದು ಕಲಿಸಿದ್ದರು — ಪೂಜೆಗೆ ನಿಂತ ಗಾಡಿಯಲ್ಲಿ ಯಾವುದೂ ಅರೆಬರೆ ಇರಬಾರದು. ಮನೆಯವರು ಗಾಡಿ ಚಾಲೂ ಮಾಡಿ ನಿಂಬೆಹಣ್ಣು ತರಲು ಒಳಗೆ ಹೋಗಿದ್ದರು. ನಾನು ರೇಡಿಯೇಟರಿಗೆ ನೀರು ಹಾಕಿ, ಗೇರ್ ಬಾಕ್ಸಿನ ಅಳತೆ ಕಡ್ಡಿಯನ್ನೂ ಎಳೆದು ನೋಡಿದೆ. ಎಣ್ಣೆ ಗೆರೆಗಿಂತ ಕೆಳಗಿತ್ತು. ಅದು ಕಾದ ಮೇಲೆ ಉಬ್ಬುತ್ತದೆ, ಕಾದ ಗಾಡಿಯಲ್ಲೇ ಅಳೆಯಬೇಕು ಎಂಬುದು ನನಗೇನು ಗೊತ್ತು — ರಾಜೇಸಾಬ ಹಾಕಿ ಮಿಕ್ಕ ಎಣ್ಣೆ ಡಬ್ಬಿಯಲ್ಲಿ ಉಳಿದಿದ್ದನ್ನು ತಂಬಿಗೆಗೆ ಬಗ್ಗಿಸಿಕೊಂಡು ಪೂರಾ ಸುರಿದೆ. ಇಷ್ಟು ತಿಳಿಯದೆ ಮಾಡಿದ್ದು. ಮುಂದಿನದು ತಿಳಿದೇ ಮಾಡಿದ್ದು.

ಅಂದು ಗೋಕಾಕದ ಹಾದಿಯಲ್ಲಿ ಎಣ್ಣೆ ಕಾದು ನೊರೆಯೆದ್ದು, ಗಾಳಿಯಾಡುವ ತೂತಿನಿಂದ ಉಕ್ಕಿ ಸೈಲೆನ್ಸರ್ ಮೇಲೆ ಬಿತ್ತು. ಹೊಗೆಯೋ ಹೊಗೆ. ಗಾಡಿ ಎಳೆಸಿಕೊಂಡು ಹೋದರೆ ರಾಜೇಸಾಬ ನೋಡಿದವನೇ, ಮನೆಯಲ್ಲಿ ಯಾರೋ ಮೇಲೆ ಸುರಿದಿದ್ದಾರೆ ಎಂದನಂತೆ. ನಮ್ಮವರಿಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ನಿನ್ನ ಕೈಯಲ್ಲೇ ಕೆಲಸ ಉಳಿದಿಲ್ಲ ಎಂದು ಆ ಸಾಲಿನ ಅಂಗಡಿಯವರೆಲ್ಲ ಕೇಳುವಂತೆ ಬೈದು, ಗಾಡಿಯನ್ನು ಹಾಗೇ ಎಳೆಸಿಕೊಂಡು ಬಂದರು. ಮನೆಗೆ ಬಂದು ನನ್ನನ್ನು ಒಂದೇ ಮಾತು ಕೇಳಿದರು.

"ನೀ ಏನರ ಸುರುವಿದೇನ?"

"ಇಲ್ರಿ."

ಆಮೇಲೆ ಹೊರಗೆ ಹೋಗಿ ಬಾನೆಟ್ ಎತ್ತಿ ನೋಡಿದೆ. ಅಳತೆ ಕಡ್ಡಿಯ ಹಿಡಿಕೆಯ ಮೇಲೆ ನನ್ನ ಬೆರಳಿನ ಕುಂಕುಮ ಹಾಗೇ ಇತ್ತು. ಸೆರಗಿನಿಂದ ಒರೆಸಿದೆ. ಹೆದರಿದ್ದೆ ಎಂದು ಬರೆಯಬಹುದು — ಬರೆಯುವುದಿಲ್ಲ. ಅವರು ನನಗೆ ಎಂದೂ ಜೋರು ಮಾಡಿದವರಲ್ಲ.

ಹುಕ್ಕೇರಿಯಲ್ಲಿ ಬೇರೊಬ್ಬರು ಆ ಎಣ್ಣೆ ತೆಗೆದು, ಅಳತೆಗೆ ಹೊಸದು ಹಾಕಿದರು. ಉಕ್ಕುವುದು ನಿಂತಿತು. ಹಾಗಾಗಿ ತಪ್ಪು ರಾಜೇಸಾಬನದೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಅವನು ಇಂಥ ಗೇರ್ ಬಾಕ್ಸ್ ಮುಟ್ಟುವುದನ್ನೇ ಬಿಟ್ಟನಂತೆ, ಈಗ ಬರೀ ಟ್ರ್ಯಾಕ್ಟರ್ ಕೆಲಸವಂತೆ — ಇದನ್ನೂ ಕೇಳಿದೆ. ಕೇಳಿ, ಸುಮ್ಮನೆ ಒಗ್ಗರಣೆ ಹಾಕಿದೆ.

ಈಗ ತಿಂಗಳಿಂದ ಅಂಗಳದಲ್ಲಿ ಮತ್ತೆ ಕೆಂಪು ಹನಿ. ಹುಕ್ಕೇರಿಯವರು ಗೇರ್ ಬಾಕ್ಸೇ ಹೋಗಿದೆ, ಗುಜರಿಗೆ ಹಾಕಿಬಿಡಿ ಎಂದರು. ನಮ್ಮವರು ಅಂದಿನಿಂದ ಊಟಕ್ಕೆ ಕೂತರೂ ಒಂದೇ ರೊಟ್ಟಿಗೆ ಎದ್ದುಬಿಡುತ್ತಿದ್ದರು. ರಾಜೇಸಾಬನಿಗೆ ತೋರಿಸೋಣ ಎಂದೆ. ಯಾವ ಮೋರೆ ಹೊತ್ತು ಹೋಗಲಿ ಎಂದರು. ನಾನೂ ಬರುತ್ತೇನೆ ಎಂದು ಹತ್ತಿ ಕೂತೆ.

ರಾಜೇಸಾಬ ಚಹಾ ತರಿಸಿದ. ಗಾಡಿಯ ಹತ್ತಿರ ಮಾತ್ರ ಬರಲಿಲ್ಲ.

"ಇದನ್ನ ನಾ ಮುಟ್ಟೂದಿಲ್ರಿ ಅಣ್ಣಾರ. ನನ್ನ ಕೈಮ್ಯಾಲೆ ನನಗ ಭರೋಸಾ ಇಲ್ಲ."

ಅವನು ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಮತ್ತೆ ಸುಮ್ಮನಿರುತ್ತಿದ್ದೆನೋ ಏನೋ. ತಲೆ ತಗ್ಗಿಸಿ ಹೇಳಿದ.

"ತಮ್ಮಾ, ಅವತ್ತ ಎಣ್ಣಿ ಸುರುವಿದಾಕಿ ನಾನ," ಎಂದೆ. "ನಿನ್ನ ಕೈದು ಏನೂ ತಪ್ಪಿದ್ದಿಲ್ಲ. ಇವರು ಕೇಳಿದಾಗ ನಾ ಸುಳ್ಳ ಹೇಳೇನಿ."

ನಮ್ಮವರು ಚಹಾದ ಕಪ್ಪು ಕೆಳಗಿಟ್ಟರು. ರಾಜೇಸಾಬ ತಗ್ಗಿಸಿದ್ದ ತಲೆ ಎತ್ತಿದ.

"ಎಷ್ಟ ಸುರುವಿದ್ರಿ ಅಕ್ಕಾರ?"

"ಒಂದ ತಂಬಿಗಿ."

"ತಂಬಿಗಿ!" ಅವನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟ. "ಗೇರ್ ಬಾಕ್ಸಿಗೆ ಹಾಕೀರೋ, ಬೀಗರ ಹೋಳಿಗಿಗೆ ತುಪ್ಪಾ ಸುರುವೀರೋ?"

ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡ. ನಮ್ಮವರು ಎದ್ದು, ಎಡಗಾಲು ಎಳೆಯುತ್ತ ಹೋಗಿ, ಅವನ ಗ್ರೀಸಿನ ಕೈಯನ್ನು ಹಾಗೇ ಹಿಡಿದುಕೊಂಡರು.

ಆಮೇಲೆ ಅವನು ಗಾಡಿಯ ಕೆಳಗೆ ಇಳಿದ. ತಳವನ್ನೆಲ್ಲ ತೊಳೆದು ಒರೆಸಿ, ಮುಖಕ್ಕೆ ಹಚ್ಚುವ ಬಿಳಿ ಪೌಡರ್ ತರಿಸಿ ಉದುರಿಸಿದ. ಎಂಜಿನ್ ಕಾಯುವವರೆಗೆ ಚಾಲೂ ಇಟ್ಟು ನೋಡಿದರೆ, ಪೌಡರಿನಲ್ಲಿ ಸಣ್ಣ ಕೆಂಪು ಗೆರೆ ಮೂಡುತ್ತಿತ್ತು. ಗೇರ್ ಬಾಕ್ಸಿನಿಂದಲ್ಲ — ಎಣ್ಣೆ ತಣಿಸಲು ಅಲ್ಲಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು ಸೀಳಿತ್ತು. ಓಡುವಾಗ ಗಾಳಿಗೆ ಎಣ್ಣೆ ಹಿಂದೆ ಹಾರಿ ಗೇರ್ ಬಾಕ್ಸಿಗೇ ಮೆತ್ತುತ್ತಿತ್ತು. ಪೈಪು ಬದಲಾಯಿಸಿ, ಕಮ್ಮಿಯಾದಷ್ಟೇ ಎಣ್ಣೆ ಹಾಕಿ, ಕಾದ ಗಾಡಿಯಲ್ಲಿ ಕಡ್ಡಿ ಎಳೆದು ನನ್ನ ಕೈಗೇ ಕೊಟ್ಟ — ನೀವೇ ನೋಡಿ ಎಂದು. ಎಣ್ಣೆ ಗೆರೆಗೆ ಸರಿಯಾಗಿತ್ತು.

ಹೊರಡುವಾಗ ಬಾಜೂ ಚಹಾದಂಗಡಿಯವರಿಗೆ ನಾನೇ ಹೋಗಿ, ತಪ್ಪು ನನ್ನದಿತ್ತು ಎಂದು ಹೇಳಿದೆ. ಅಂದು ಬೈಗಳು ಕೇಳಿಸಿಕೊಂಡವರು ಆ ಸಾಲಿನಲ್ಲಿ ಇನ್ನೂ ಇದ್ದಾರೆ. ಬೆಲ್ಲದ ಜೊತೆ ಮತ್ತೆ ಗೋಕಾಕಕ್ಕೆ ಹೋದಾಗ ಒಬ್ಬೊಬ್ಬರಿಗೂ ಹೇಳುತ್ತೇನೆ. ಎಂಟು ವರ್ಷ ಅವನ ಕೈ ಬಿಟ್ಟುಹೋದ ಕೆಲಸವನ್ನು ಮಾತ್ರ ಯಾವ ಅಂಗಡಿಗೆ ಹೋಗಿ ತರಲಿ —

ದಾರಿಯಲ್ಲಿ ನಮ್ಮವರು ಆಡಿದ್ದು ಒಂದೇ ಮಾತು: "ಅವತ್ತ ಹೇಳಿದ್ರ ನಾ ಅವನ್ನ ಬೈತಿದ್ದಿಲ್ಲ." ಆದರೂ ಎದೆ ಹಗುರಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಅವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಉಂಡು, ಗಾಡಿಯ ಕೆಳಗೆ ಹಾಸಿದ್ದ ರಟ್ಟು ನೋಡಿ ಬರುತ್ತೇನೆಂದು ಬ್ಯಾಟರಿ ಹಿಡಿದು ಹೋದರು. ಬಂದು, ಒಂದು ಹನಿಯೂ ಇಲ್ಲ ಎಂದರಂತೆ. ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.