ಐದೂರಿನ ಮೆಹರ್ ಮೇಡಂ

ಮೆಹರುನ್ನಿಸಾ ಮೇಡಂ ಯಾರನ್ನಾದರೂ ಮೊದಲ ಸಲ ಕಂಡಾಗ ಊರು ಕೇಳುತ್ತಿರಲಿಲ್ಲ. "ನಿಮ್ಮ ಕ್ಷೇತ್ರ ಯಾವುದು?" ಎಂದು ಕೇಳುತ್ತಿದ್ದರು. ಎದುರಿಗಿದ್ದವರು ಧರ್ಮಸ್ಥಳವನ್ನೋ ಮಂತ್ರಾಲಯವನ್ನೋ ನೆನೆಸಿಕೊಂಡು ತಬ್ಬಿಬ್ಬಾದರೆ, "ಅಲ್ಲಪ್ಪಾ, ಓಟು ಎಲ್ಲಿ ಹಾಕ್ತೀರಿ ಅಂತ ಕೇಳ್ದೆ" ಎಂದು ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದರು.

ನನ್ನನ್ನೂ ಹಾಗೇ ಕೇಳಿದ್ದರು. ಡಚ್ ನಾಡಿನ ಗ್ರೋನಿಂಗನ್‌ನಲ್ಲಿ ನಾನಿದ್ದ ಬಾಡಿಗೆ ಮನೆಯ ಮೆಟ್ಟಿಲು ಏಣಿಯಷ್ಟು ಕಡಿದಾಗಿತ್ತು. ಅದರ ಕೆಳಗೆ ಸೂಟ್‌ಕೇಸ್ ಇಟ್ಟುಕೊಂಡು, ಗಂಡನ ಅಳತೆಯ ರೇನ್‌ಕೋಟಿನಲ್ಲಿ ಅರ್ಧ ಮುಳುಗಿ ನಿಂತಿದ್ದರು. ನಾನು ದಾವಣಗೆರೆಯವನು, ಅಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸೂಟ್‌ಕೇಸು ಮೇಲಕ್ಕೆ ಹೋಗುವಷ್ಟರಲ್ಲಿ ನನ್ನ ಕ್ಷೇತ್ರದಲ್ಲಿ ಹಿಂದಿನ ಮೂರು ಚುನಾವಣೆಗಳಲ್ಲಿ ಯಾರು ಗೆದ್ದಿದ್ದರೆಂದು ಅವರೇ ನನಗೆ ಹೇಳಿ ಮುಗಿಸಿದ್ದರು. ನನಗೆ ಒಬ್ಬರ ಹೆಸರೂ ನೆನಪಿರಲಿಲ್ಲ.

ಮೇಡಂ ಶಿರಾ ಕಡೆಯವರು. ತುಮಕೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಚರಿತ್ರೆ ಪಾಠ ಮಾಡಿದ್ದರು. ಗಂಡ ಇಲಿಯಾಸ್ ಸರ್‌ಗೆ ಐಂಡ್‌ಹೋವನ್ ಬಳಿ ಕೆಲಸ ಸಿಕ್ಕಿ ಇಬ್ಬರೂ ಬೆಸ್ಟ್ ಎಂಬ ಊರಿಗೆ ಬಂದರು. ಒಂದು ವರ್ಷ ಮನೆಯಲ್ಲಿ ಕೂತು ಬೇಸತ್ತು, ನಲವತ್ತೆಂಟನೇ ವಯಸ್ಸಿನಲ್ಲಿ ಮೇಡಂ ಪಿಎಚ್‌ಡಿಗೆ ಸೇರಿಕೊಂಡರು. ಸೋಮವಾರ ಬೆಳಿಗ್ಗೆ ಮೂರು ಗಂಟೆ ಕಾಲ ರೈಲಿನಲ್ಲಿ ಕೂತು ಗ್ರೋನಿಂಗನ್‌ಗೆ ಬಂದು, ನಮ್ಮ ಮನೆಯ ಇನ್ನೊಂದು ಕೋಣೆಯಲ್ಲಿದ್ದು, ಗುರುವಾರ ಸಂಜೆ ಹಿಂದಿರುಗುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮಾರನೆಯ ವಾರವೇ ಬೆಸ್ಟ್‌ನಿಂದ ಒಂದು ಹೊಸ ಪಾತ್ರೆ ತಂದು, "ಇದು ನಿಂದು. ಇದರಲ್ಲಿ ನನ್ನ ಸಾರು ಬೀಳಲ್ಲ" ಎಂದು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟರು.

ಅವರ ಸಂಶೋಧನೆಯ ವಿಷಯ ಕೇಳಿ ನಾನು ಮೊದಲು ನಕ್ಕುಬಿಟ್ಟಿದ್ದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಐದು ಪುಟ್ಟ ಊರುಗಳು ಸೇರಿ ಆಗಿದ್ದ, ಈಗ ಇಲ್ಲದ ಒಂದು ಪಾರ್ಲಿಮೆಂಟ್ ಕ್ಷೇತ್ರದ ಚರಿತ್ರೆ ಅದು. ಅದಕ್ಕೆ ಅವರು ಮನೆಮಾತಿನಲ್ಲಿ ಐದೂರು ಎಂದು ಹೆಸರಿಟ್ಟಿದ್ದರು. ಆ ಊರುಗಳ ಕಲ್ಲಿದ್ದಲು, ಉಪ್ಪು, ಮೀನು ಎಲ್ಲ ಒಂದು ಕಾಲಕ್ಕೆ ಡಚ್ ಬಂದರುಗಳಿಗೆ ಬರುತ್ತಿದ್ದವಂತೆ. ವ್ಯಾಪಾರಿಗಳ ಪತ್ರಗಳು ಇಲ್ಲಿನ ಸಂಗ್ರಹಗಳಲ್ಲಿ ಉಳಿದಿದ್ದವು.

ನಾನು ನಕ್ಕದ್ದಕ್ಕೆ ಅವರು ಬೇಸರಿಸಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಸಾಲೆಯ ಐದು ಡಬ್ಬಿ ಜೋಡಿಸಿದರು.

"ನೋಡು, ಐದೂರಿಗೂ ಸೇರಿ ಒಂದೇ ಸೀಟು. ಒಂದೊಂದು ಊರಿನ ಕೌನ್ಸಿಲ್ಲು ಒಬ್ಬೊಬ್ಬನ್ನ ಕಳಿಸುತ್ತೆ. ಆ ಐದು ಜನ ಒಂದು ಕಡೆ ಸೇರಿ ಓಟು ಹಾಕ್ತಾರೆ. ಈ ಸಲ ಈ ಊರಲ್ಲಿ ಸೇರಿದ್ರೆ, ಮುಂದಿನ ಸಲ ಪಕ್ಕದೂರಲ್ಲಿ. ಅಷ್ಟೂ ಜನಕ್ಕೆ ಐದೇ ಓಟು!"

"ಮಿಕ್ಕವರು ಏನ್ ಮಾಡ್ತಿದ್ರು ಮೇಡಂ?"

"ಮಿಕ್ಕವರು ಮೀನು ಹಿಡೀತಿದ್ರು."

ಆಮೇಲೆ ಕಾನೂನು ಬದಲಾಗಿ ಮನೆಯುಳ್ಳವರಿಗೆ ಓಟು ಬಂತು, ಇನ್ನೂ ಆಮೇಲೆ ಕೂಲಿಯವರಿಗೂ ಬಂತು. ಎಲ್ಲರಿಗೂ ಓಟು ಬರುವ ಹೊತ್ತಿಗೆ ಗಡಿಗಳನ್ನು ಹೊಸದಾಗಿ ಎಳೆದು, ಐದೂರನ್ನು ಒಡೆದು ಅಕ್ಕಪಕ್ಕದ ಕ್ಷೇತ್ರಗಳಿಗೆ ಸೇರಿಸಿಬಿಟ್ಟರು. ಇದನ್ನು ಹೇಳುವಾಗ ಮೇಡಂ ದನಿ ಇಳಿಯುತ್ತಿತ್ತು. ಅವರ ತಂದೆ ಮೇಷ್ಟರು. ಚುನಾವಣೆ ಡ್ಯೂಟಿಗೆ ಹೋಗುವಾಗ ಮಗಳನ್ನೂ ಒಮ್ಮೆ ಕರೆದೊಯ್ದಿದ್ದರಂತೆ. ಮೇಡಂ ಮೊದಲ ಸಲ ಓಟು ಹಾಕಿದ ವಿಧಾನಸಭಾ ಕ್ಷೇತ್ರವೂ ಗಡಿ ಬದಲಾದಾಗ ಇಲ್ಲವಾಗಿತ್ತು. "ಕ್ಷೇತ್ರ ಹೋದ್ರೆ ಊರೇನೂ ಹೋಗಲ್ಲ ಕಿರಣಾ. ಆದ್ರೆ ಯಾರನ್ನ ಹೋಗಿ ಕೇಳ್ಬೇಕು ಅನ್ನೋದು ಹೋಗ್ಬಿಡುತ್ತೆ" ಎನ್ನುತ್ತಿದ್ದರು.

ತಪ್ಪಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಾದವರನ್ನು ನಾನು ಕಂಡಿಲ್ಲ. ಒಮ್ಮೆ ಅವರ ಲೇಖನವೊಂದು ಅಚ್ಚಾದ ಮೇಲೆ, ಐದೂರಿನಲ್ಲಿ ಎರಡು ಊರುಗಳ ಹೆಸರು ಅದಲುಬದಲಾಗಿರುವುದು ಗೊತ್ತಾಯಿತು. ಓದಿದ ಯಾರೂ ಅದನ್ನು ಗಮನಿಸಿರಲಿಲ್ಲ. ಮೇಡಂ ಪತ್ರಿಕೆಗೆ ಬರೆದರು. ಲೇಖನ ಕಳಿಸಿಕೊಟ್ಟಿದ್ದ ಹದಿನೇಳು ಜನರಿಗೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಬರೆದರು.

"ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?" ಎಂದೆ.

"ತಪ್ಪು ಒಂದ್ಸಲ ಪುಸ್ತಕ ಸೇರಿದ್ರೆ ಅದಕ್ಕೂ ವಯಸ್ಸಾಗುತ್ತೆ ಕಣೋ. ವಯಸ್ಸಾದ ಮೇಲೆ ಎಲ್ಲರೂ ಮರ್ಯಾದೆ ಕೊಡ್ತಾರೆ."

ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಇನ್ನೂರು ವರ್ಷಕ್ಕೂ ಹಿಂದಿನ ಒಂದು ಚುನಾವಣೆ. ಜಮೀನುದಾರನೊಬ್ಬನ ಕಡೆಯವನು ಎರಡರ ವಿರುದ್ಧ ಮೂರು ಓಟಿನಿಂದ ಗೆದ್ದಿದ್ದ. ಅವನನ್ನು ಗೆಲ್ಲಿಸಿದ ಆ ಮೂರನೆಯ ಓಟು ಹಾಕಿದವನು ಐದರಲ್ಲಿ ತೀರ ಚಿಕ್ಕ ಊರಿನ ಪ್ರತಿನಿಧಿ, ಮೀನು ತುಂಬುವ ಮರದ ಪೀಪಾಯಿ ಮಾಡುವವನು. ಒಂದು ದೋಣಿಯ ಲಂಚಕ್ಕೆ ಅವನು ತನ್ನನ್ನು ಮಾರಿಕೊಂಡನೆಂದು ಚರಿತ್ರೆಕಾರರೊಬ್ಬರು ಬರೆದಿದ್ದರು. ಆಮೇಲಿನವರು ಅದನ್ನೇ ನೋಡಿ ಬರೆಯುತ್ತ ಬಂದಿದ್ದರು. "ಪೀಪಾಯಿಯವನು ಅಂಥವನಲ್ಲ ಅಂತ ನನ್ನ ಮನಸ್ಸು ಹೇಳುತ್ತೆ" ಎನ್ನುತ್ತಿದ್ದರು ಮೇಡಂ. ಆ ಊರಿನ ಕೌನ್ಸಿಲ್ಲಿನ ನಡಾವಳಿ ಪುಸ್ತಕದಲ್ಲಿ ಏನಿದೆಯೆಂದು ಯಾರೂ ನೋಡಿರಲಿಲ್ಲ. ಅದು ಅಲ್ಲಿನ ಹಳೆಯ ಪುರಭವನದ ಮಹಡಿಯಲ್ಲಿತ್ತು. ಊರಿನ ಹಿರಿಯರೊಬ್ಬರು ಸಂಬಳವಿಲ್ಲದೆ ಮಂಗಳವಾರ ಮಾತ್ರ ಬಾಗಿಲು ತೆರೆಯುತ್ತಿದ್ದರು. ಸ್ಕ್ಯಾನ್ ಮಾಡಿ ಕಳಿಸುವ ವ್ಯವಸ್ಥೆ ಇರಲಿಲ್ಲ, ಮೇಡಂ ಪಾಸ್‌ಪೋರ್ಟ್ ವೀಸಾ ಕೆಲಸದಲ್ಲಿ ಸಿಕ್ಕಿಕೊಂಡಿತ್ತು.

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ನಾನು ಒಂದು ಸಮ್ಮೇಳನಕ್ಕೆಂದು ಎಡಿನ್‌ಬರೋಗೆ ಹೊರಟೆ. ಮೇಡಂ ಪುಟ್ಟ ಚೀಟಿಯಲ್ಲಿ ರೈಲಿನ ಸಮಯ, ಪುಸ್ತಕದ ನಂಬರು ಬರೆದುಕೊಟ್ಟರು. "ಹನ್ನೆರಡೇ ಪುಟ ಕಿರಣಾ. ಫೋಟೋ ಹೊಡ್ಕೊಂಡು ಬಂದ್ಬಿಡು. ಒಂದು ಮಂಗಳವಾರ ನನಗೆ ಕೊಡು."

ಮಂಗಳವಾರ ಬೆಳಿಗ್ಗೆ ಜೊತೆಯವರು ಕಾರು ಬಾಡಿಗೆಗೆ ತೆಗೆದುಕೊಂಡು ಬೆಟ್ಟದ ಕಡೆ ಹೊರಟಿದ್ದರು. ಒಂದು ಸೀಟು ಖಾಲಿ ಇತ್ತು. ಆಕಾಶ ತಿಳಿಯಾಗಿತ್ತು. ನಾನು ಹತ್ತಿ ಕೂತೆ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷಗಳಲ್ಲಿ ನಾನು ಅದನ್ನು ಹುಡುಕಿಕೊಂಡಿರುತ್ತಿದ್ದೆ.

ಮಧ್ಯಾಹ್ನ ಸರೋವರದ ದಂಡೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿರುವಾಗ ಮೆಸೇಜ್ ಬಂತು. "ಸಿಕ್ತಾ?"

"ಬಾಗಿಲು ಹಾಕಿತ್ತು ಮೇಡಂ. ತುಂಬ ಹೊತ್ತು ಕಾದೆ" ಎಂದು ಬರೆದೆ.

"ಅಯ್ಯೋ ಪಾಪ, ಆ ಚಳೀಲಿ ನಿಂತಿದ್ಯಾ? ಏನಾದ್ರೂ ಬಿಸಿ ತಿನ್ನು ಮೊದಲು."

ನಾನು ಮರಳಿದ ಸೋಮವಾರ ನನ್ನ ಪಾತ್ರೆಯಲ್ಲಿ ಮೆಂತ್ಯ ಸೊಪ್ಪಿನ ಪಲ್ಯ ಮಾಡಿ, ರೊಟ್ಟಿ ತಟ್ಟಿದ್ದರು. ನಾನು ತಿಂದೆ. ಸಿಕ್ಕಿಬೀಳುವ ಭಯದಿಂದ, "ಅವರಿಗೆ ಮೇಲ್ ಮಾಡ್ತೀರಾ?" ಎಂದು ಕೇಳಿದೆ.

"ಛೆ! ಸಂಬಳ ಇಲ್ದೆ ಕೂರೋ ವಯಸ್ಸಾದವರು. ಅವತ್ತು ಯಾಕೆ ಬರಲಿಲ್ಲ ಅಂತ ಕೇಳೋದಾ? ಮುಂದಿನ ಸಲ ನೋಡಿದ್ರಾಯ್ತು."

ಮುಂದಿನ ಸಲ ಬರಲಿಲ್ಲ. ಮೂರು ವಾರದಲ್ಲಿ ಎಲ್ಲ ಮುಚ್ಚಿತು. ನಮ್ಮ ಲ್ಯಾಬು, ಗ್ರಂಥಾಲಯ, ಸ್ಕಾಟ್ಲೆಂಡಿನ ಆ ಮಹಡಿಯ ಕೋಣೆ, ಎಲ್ಲ. ನನ್ನ ಸುಳ್ಳು ನಿಜವಾಗಿಬಿಟ್ಟಿತು. ಆಗ ನನಗೆ ಒಳಗೊಳಗೇ ಸಮಾಧಾನವೂ ಆಯಿತು ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೇಡಂ ಬೆಸ್ಟ್‌ನಲ್ಲೇ ಉಳಿದರು. ಪ್ರತಿ ಸೋಮವಾರ ಫೋನ್ ಮಾಡಿ, ಒಬ್ಬನೇ ಇದ್ದೀಯ, ಏನು ತಿಂದೆ ಎಂದು ವಿಚಾರಿಸುತ್ತಿದ್ದರು. ಹುರಿಹಿಟ್ಟು, ನಿಂಬೆ ಉಪ್ಪಿನಕಾಯಿ ಪಾರ್ಸೆಲ್‌ನಲ್ಲಿ ಬರುತ್ತಿದ್ದವು.

ಆ ಬೇಸಿಗೆಯಲ್ಲಿ ನಿರ್ಬಂಧ ಸ್ವಲ್ಪ ಸಡಿಲವಾದಾಗ ಬೆಸ್ಟ್‌ಗೆ ಹೋದೆ. ಮೇಡಂ ಮನೆಯ ಹಿಂದಿನ ತೋಟದಲ್ಲಿ ಟೇಪು ಹಿಡಿದು ಅಳೆದು, ಒಂದೂವರೆ ಮೀಟರ್ ದೂರಕ್ಕೆ ಕುರ್ಚಿ ಹಾಕಿಸಿದ್ದರು. ಪ್ರಬಂಧ ಬರೆದು ಮುಗಿಸಿದ್ದರು. ಆದರೂ ಮುಖದಲ್ಲಿ ಗೆಲುವಿರಲಿಲ್ಲ.

"ನಾಲ್ಕನೇ ಅಧ್ಯಾಯದಲ್ಲಿ ಸೋತೆ ಕಣೋ" ಎಂದರು. "ದೋಣಿ ತಗೊಂಡ ಅಂತ ಎಲ್ಲರೂ ಬರ್ದಿದ್ದಾರೆ. ಇಲ್ಲ ಅನ್ನೋಕೆ ನನ್ನ ಹತ್ರ ಕಾಗದ ಇಲ್ಲ. ನಾನೂ ಹಾಗೇ ಬರ್ದೆ."

"ನಿಮಗೆ ಬೇರೆ ಥರ ಅನ್ಸುತ್ತಲ್ಲ ಮೇಡಂ?"

"ನನಗನ್ಸೋದು ಸಾಕ್ಷಿ ಆಗುತ್ತಾ? ಹೋಗ್ಲಿ. ನೀನು ಅಷ್ಟು ದೂರ ಹೋಗಿದ್ದೆ ಪಾಪ. ಒಂದು ವಾರ ಹಿಂದೆ ಮುಂದೆ ಆಗಿದ್ರೆ ಸಿಕ್ತಿತ್ತು."

"ಮೇಡಂ, ಆ ದಿನ..." ಎಂದೆ.

ಇಲಿಯಾಸ್ ಸರ್ ಚಹಾದ ತಟ್ಟೆ ಹಿಡಿದು ಬಂದರು. ಮೇಡಂ ನನ್ನತ್ತಲೇ ನೋಡುತ್ತಿದ್ದರು. "ಏನು ಆ ದಿನ?"

"ಆ ದಿನ ತುಂಬ ಚಳಿ ಇತ್ತು ಮೇಡಂ."

ಅವರಿಗೆ ನಾನು ಎದುರಿಗೆ ಹೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು. ಚಳಿಗಾಲ ಶುರುವಾಗುವಾಗ ಇಬ್ಬರಿಗೂ ಜ್ವರ ಬಂತು. ಇಲಿಯಾಸ್ ಸರ್ ಚೇತರಿಸಿಕೊಂಡರು. ಮೇಡಂ ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಮಣ್ಣಿಗೆ ಹೆಚ್ಚು ಜನ ಸೇರುವಂತಿರಲಿಲ್ಲ. ನಾನು ನನ್ನ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆ.

ಮಾರನೆಯ ವರ್ಷ ಅವರ ಪ್ರಬಂಧವನ್ನು ಪುಸ್ತಕವಾಗಿ ತರಲು ಇಲಿಯಾಸ್ ಸರ್ ಓಡಾಡಿದರು. ಒಂದು ದಿನ ನನಗೆ ಕೃತಜ್ಞತೆಯ ಪುಟ ಕಳಿಸಿದರು. "ನನಗಾಗಿ ಫೆಬ್ರವರಿಯ ಚಳಿಯಲ್ಲಿ ಆ ಊರಿನವರೆಗೂ ಹೋಗಿ, ಮುಚ್ಚಿದ ಬಾಗಿಲ ಮುಂದೆ ಕಾದು ಬಂದ ಕಿರಣನಿಗೆ" ಎಂದು ಮೇಡಂ ಇಂಗ್ಲಿಷಿನಲ್ಲಿ ಬರೆದಿದ್ದರು. ಕೆಳಗೆ ಸರ್ ಕೇಳಿದ್ದರು: "ನಿನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ?"

ಇಡೀ ದಿನ ಉತ್ತರ ಕೊಡಲಿಲ್ಲ. ಸಂಜೆ ಬರೆದೆ: "ಸರಿ ಇದೆ ಸರ್."

ಇಪ್ಪತ್ತೆರಡರ ವಸಂತದಲ್ಲಿ, ಪ್ರಯಾಣ ಮತ್ತೆ ಸಲೀಸಾದ ಮೇಲೆ, ಮಂಗಳವಾರ ಅಲ್ಲಿರುವಂತೆ ನೋಡಿಕೊಂಡು ಒಬ್ಬನೇ ಹೋದೆ. ರೈಲಿನಲ್ಲಿ ನಾನು ಬೇಡಿಕೊಂಡಿದ್ದೇನೆಂದರೆ, ಪೀಪಾಯಿಯವನು ನಿಜಕ್ಕೂ ಮಾರಿಕೊಂಡಿರಲಿ ಎಂದು. ಮೇಡಂ ಊಹೆ ತಪ್ಪಾಗಿದ್ದರೆ ನನ್ನ ಸುಳ್ಳಿನಿಂದ ಏನೂ ಕೆಟ್ಟಂತಾಗುತ್ತಿರಲಿಲ್ಲ.

ಮಹಡಿಯ ಕೋಣೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ರಿಜಿಸ್ಟರಿನಲ್ಲಿ ನಾನು ಬರೆದ ಹೆಸರನ್ನು ಎರಡು ಸಲ ಓದಿದರು. ಎದ್ದು ಹೋಗಿ ಕಪಾಟಿನಿಂದ ಮೇಡಂ ಪುಸ್ತಕ ತಂದರು. ಇಲಿಯಾಸ್ ಸರ್ ಅವರಿಗೂ ಒಂದು ಪ್ರತಿ ಕಳಿಸಿದ್ದರು.

"ಈ ಕಿರಣ ನೀವೇನಾ?" ಎಂದು ಆ ಪುಟದ ಮೇಲೆ ಬೆರಳಿಟ್ಟು ಕೇಳಿದರು. "ಆ ಫೆಬ್ರವರಿಯ ಯಾವ ಮಂಗಳವಾರವೂ ನಾನು ಬಾಗಿಲು ಹಾಕಿರಲಿಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗಲೂ ಬಂದು ಕೂತಿದ್ದೆ. ಈ ಸಾಲು ಓದಿದಾಗಿನಿಂದ, ನನಗೇ ಮರೆವಿನ ಕಾಯಿಲೆ ಶುರುವಾಗಿದೆಯೇನೋ ಎಂದು ಹೆದರಿದ್ದೇನೆ."

ನನ್ನ ಸುಳ್ಳು ಇವರನ್ನೂ ಮುಟ್ಟೀತೆಂದು ನಾನು ಎಂದೂ ಯೋಚಿಸಿರಲಿಲ್ಲ. "ನೀವೇನೂ ಮರೆತಿಲ್ಲ. ನಾನು ಬರಲೇ ಇಲ್ಲ" ಎಂದೆ. ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು, ಗುರುತಿಲ್ಲದ ಒಬ್ಬರ ಮುಂದೆ. ಅವರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ನನ್ನನ್ನು ಬಯ್ಯಲಿಲ್ಲ. "ಕೈ ತೊಳೆದುಕೊಂಡು ಬನ್ನಿ" ಎಂದು ನಡಾವಳಿ ಪುಸ್ತಕ ತರಲು ಹೋದರು.

ಹಳೆಯ ಕೈಬರಹ ನನಗೆ ತಿಳಿಯಲಿಲ್ಲ. ಅವರೇ ಸಾಲು ಸಾಲಾಗಿ ಓದಿ ಹೇಳಿದರು. ಜಮೀನುದಾರನ ಕಡೆಯವನಿಗೇ ಓಟು ಹಾಕಬೇಕೆಂದು ಕೌನ್ಸಿಲ್ ಬಹುಮತದಿಂದ ತೀರ್ಮಾನಿಸಿತ್ತು. ಪೀಪಾಯಿಯವನು ಎದ್ದು ನಿಂತು ಅದು ತನಗೆ ಒಪ್ಪಿಗೆಯಿಲ್ಲವೆಂದು ಹೇಳಿ, ಬೇರೆಯವರನ್ನು ಕಳಿಸಿರೆಂದು ಕೇಳಿಕೊಂಡಿದ್ದ. ಉಳಿದವರು ಒಪ್ಪಲಿಲ್ಲ. ತನ್ನ ವಿರೋಧವನ್ನು ಬರೆದುಕೊಳ್ಳಬೇಕೆಂದು ಹಠ ಹಿಡಿದು ಬರೆಸಿ, ಕೆಳಗೆ ಸಹಿ ಹಾಕಿ, ಊರು ಹೇಳಿದಂತೆ ಹೋಗಿ ಓಟು ಹಾಕಿ ಬಂದಿದ್ದ. ಅವನು ಮಾರಿಕೊಂಡಿರಲಿಲ್ಲ. ಮೇಡಂ ಅಂದುಕೊಂಡಿದ್ದು ಸರಿಯಾಗಿತ್ತು. ಹನ್ನೆರಡು ಪುಟದ ಫೋಟೋ ತೆಗೆಯಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಆ ಶನಿವಾರ ಪ್ರಿಂಟ್ ತೆಗೆಸಿಕೊಂಡು ಬೆಸ್ಟ್‌ಗೆ ಹೋದೆ. ಇಲಿಯಾಸ್ ಸರ್ ತೆಳ್ಳಗಾಗಿದ್ದರು. ಊಟದ ಮೇಜಿನ ಮುಂದೆ ಕೂತು ಎಲ್ಲ ಹೇಳಿದೆ. ಕಾರಿನ ಖಾಲಿ ಸೀಟು, ಸರೋವರ, ಮೆಸೇಜು, ಸ್ಪೆಲ್ಲಿಂಗ್ ಸರಿ ಇದೆ ಎಂದದ್ದು. ಕೊನೆಗೆ ಅವರು, "ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದರು.

"ಇಲ್ಲ ಸರ್. ನನ್ನನ್ನು ನಂಬಿದ್ದರು."

ಅವರು ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಆ ಹೆಂಗಸು ಓದಿ ಹೇಳಿದ್ದನ್ನು ನಾನು ಪ್ರತಿ ಹಾಳೆಯ ಕೆಳಗೂ ಬರೆದುಕೊಂಡಿದ್ದೆ. ಪೀಪಾಯಿಯವನ ಸಹಿಯಿದ್ದ ಪುಟದಲ್ಲಿ ಅವರ ಕೈ ನಿಂತಿತು.

"ಆಸ್ಪತ್ರೆಗೆ ಹೋಗೋ ದಿನಾನೂ ಇವನ ವಿಷಯಾನೇ ಮಾತಾಡಿದ್ಲು" ಎಂದರು. "ಅವನಿಗೆ ನಾನು ಅನ್ಯಾಯ ಮಾಡ್ಬಿಟ್ಟೆನೇನೋ ರೀ ಅಂತ."

"ಸರ್, ಕ್ಷಮಿಸಿ ಅಂತ ಕೇಳೋಕೂ ನನಗೆ..."

"ಕೇಳ್ಬೇಡ. ಈಗ ನನ್ನ ಹತ್ರ ಇಲ್ಲ ಅದು." ಹಾಳೆಗಳನ್ನು ಜೋಡಿಸಿ ತಮ್ಮ ಕಡೆ ಎಳೆದುಕೊಂಡರು. "ಇವು ಇಲ್ಲೇ ಇರ್ಲಿ. ನಾಳೆ ಅವಳ ಹತ್ರ ಹೋಗ್ತೀನಿ. ಓದಿ ಹೇಳ್ತೀನಿ."

"ನಾನೂ ಬರ್ಲಾ ಸರ್?"

ಅವರು ಕಿಟಕಿಯ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ಬೇಡಪ್ಪ. ನಾನೊಬ್ಬನೇ ಹೋಗ್ತೀನಿ."

ನಾನು ಎದ್ದು, ಬಾಗಿಲ ಬಳಿ ಕೂತು ಶೂ ಹಾಕಿಕೊಂಡೆ. ಒಳಗೆ ಅವರು ಮೊದಲ ಪುಟವನ್ನು ಸಣ್ಣ ದನಿಯಲ್ಲಿ, ತಡೆತಡೆದು, ಓದಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು.