ಕಲ್ಲಿನ ಮೇಲೆ ಇಲ್ಲದ ಹೆಸರು

ಕಲ್ಲಕ್ಕ ಎಂದರೆ ಊರಿಗೆಲ್ಲ ಗೊತ್ತು. ಗಂಡ ಶಿಲಾಫಲಕ ಕೆತ್ತುತ್ತಾನೆ, ಈಕೆ ಅದರ ಮೇಲೆ ಅಕ್ಷರ ಬರೆದುಕೊಡುತ್ತಾಳೆ. ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ, ಎರಡು ದಿಮ್ಮಿಗಳ ಮೇಲೆ ನುಣ್ಣನೆಯ ಕಪ್ಪು ಕಲ್ಲು ಮಲಗಿರುತ್ತದೆ. ಆಕೆ ದಾರ ಎಳೆದು ಗೆರೆ ಹಾಕಿ ಬಿಳಿ ಪೆನ್ಸಿಲಿನಲ್ಲಿ ಹೆಸರು ಬರೆದು ಮುಗಿಸಿದ ಮೇಲೆಯೇ ಗಂಡನ ಉಳಿಗೆ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಕೈ ದಾಟಿಹೋದ ಮಂತ್ರಿಗಳು ಒಬ್ಬರೇ ಇಬ್ಬರೇ? ಅವರಲ್ಲಿ ಅರ್ಧ ಜನ ಈಗ ಮಾಜಿಗಳು, ಕಲ್ಲಿನ ಮೇಲೆ ಮಾತ್ರ ಇನ್ನೂ ಹಾಲಿ.

ಇದೇ ಆಕೆಯ ಬ್ಲಾಗಿನ ಬಂಡವಾಳ. ಯಾರ ಹೆಸರು ಒಂದು ಸಾಲು ಮೇಲೇರಿತು, ಯಾರದು ಕೆಳಗಿಳಿಯಿತು, ಯಾರ ‘ಸನ್ಮಾನ್ಯ’ ಸದ್ದಿಲ್ಲದೆ ಉದುರಿತು ಎಂದು ನೋಡಿ ರಾಜ್ಯದ ರಾಜಕೀಯ ಬರೆಯುತ್ತಾಳೆ. ಒಮ್ಮೆ ಒಬ್ಬ ಮಂತ್ರಿಯ ಹೆಸರು ಸೇತುವೆಯ ಕಲ್ಲಿನಲ್ಲಿ ಎರಡನೆಯ ಸಾಲಿನಿಂದ ಐದನೆಯದಕ್ಕೆ ಜಾರಿದ್ದನ್ನು ಕಂಡು, ‘ಇವರು ಮನೆಗೆ ಹೋಗುತ್ತಾರೆ’ ಎಂದು ಕಡ್ಡಿ ಮುರಿದಂತೆ ಬರೆದಳು. ಮೂರೇ ವಾರಕ್ಕೆ ಆತನ ಮಂತ್ರಿಗಿರಿ ಹೋಯಿತು. ಟೀವಿಯಲ್ಲಿ ಕೋಟು ಹಾಕಿಕೊಂಡು ಗಂಟಲು ಹರಿದುಕೊಳ್ಳುವವರಿಗೂ ಅದು ಹೊಳೆದಿರಲಿಲ್ಲ. ಅಂದಿನಿಂದ ಕಲ್ಲಕ್ಕನಿಗೆ ತನ್ನ ಮಾತಿನ ಮೇಲೆ ಭಾರಿ ನಂಬಿಕೆ. ಸ್ವಲ್ಪ ಜಂಬವೂ ಇತ್ತು ಎಂದರೆ ಆಕೆಯೇನೂ ಬೇಸರ ಮಾಡಿಕೊಳ್ಳಳು.

ಹೊಸ ಬಸ್ ನಿಲ್ದಾಣದ ಕಲ್ಲನ್ನೂ ಇವರೇ ಮಾಡಿಕೊಟ್ಟಿದ್ದರು. ಉದ್ಘಾಟನೆಯ ದಿನ ಮಂತ್ರಿ ಪರದೆ ಎಳೆದರು. ಗುಂಪಿನಲ್ಲಿ ಫೋನ್ ಎತ್ತಿ ಫೋಟೊ ತೆಗೆಯುತ್ತಿದ್ದ ಕಲ್ಲಕ್ಕನಿಗೆ ಆಗ ಕಂಡಿತು, ಕಲ್ಲಿನ ಮೇಲೆ ಉಪಾಧ್ಯಕ್ಷೆಯ ಹೆಸರಿಲ್ಲ. ನಾಲ್ಕು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಆ ನಿಲ್ದಾಣ ತಂದವರೇ ನಗರಸಭೆಯ ಉಪಾಧ್ಯಕ್ಷೆ. ತಾನೇ ಬರೆದ ಕಲ್ಲಲ್ಲವೇ, ಮೊದಲೇ ಕಾಣಲಿಲ್ಲವೇ ಎಂದು ಕೇಳಬಹುದು. ಬರೆಯುವಾಗ ಆಕೆಗೆ ಕಾಣುವುದು ಒತ್ತು, ದೀರ್ಘ, ನಡುವಿನ ಜಾಗ ಅಷ್ಟೇ. ರಾಜಕೀಯ ಕಾಣುವುದು ಪರದೆ ಸರಿದ ಮೇಲೆ.

ವೇದಿಕೆಯ ಮೇಲಿದ್ದವರಿಗೂ ಕಂಡಿತು. ಶಾಸಕರು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಉಪಾಧ್ಯಕ್ಷೆಯೂ ತಟ್ಟಿದರು, ನಗು ಮಾತ್ರ ಮುಖದ ಮೇಲೆ ಹಾಗೇ ನಿಂತುಬಿಟ್ಟಿತ್ತು. ಕಲ್ಲಕ್ಕ ಮನೆಗೆ ಬಂದವಳೇ ನೀರನ್ನೂ ಕುಡಿಯದೆ ಬರೆದಳು. ಉಪಾಧ್ಯಕ್ಷೆಯ ಕಥೆ ಮುಗಿಯಿತು, ಹೆಸರು ತೆಗೆಸಿದವರು ರಾಜಧಾನಿಯಲ್ಲಿದ್ದಾರೆ, ಈ ಸಲದ ಚುನಾವಣೆಗೆ ಉಪಾಧ್ಯಕ್ಷೆಗೆ ಟಿಕೆಟ್ ಇಲ್ಲ.

ಬರಹ ಕಾಡ್ಗಿಚ್ಚಿನಂತೆ ಹಬ್ಬಿತು. ವಾರ ಕಳೆಯುವುದರೊಳಗೆ ಉಪಾಧ್ಯಕ್ಷೆಯ ಮನೆಯ ಮುಂದೆ ಜನವೇ ಇಲ್ಲ. ಹಿಂದೆ ಮುಂದೆ ಸುತ್ತುತ್ತಿದ್ದವರು ಕಾಲಿಗೆ ಬುದ್ಧಿ ಹೇಳಿದ್ದರು, ಆ ಟಿಕೆಟ್ಟಿಗೆ ಇನ್ನೊಬ್ಬ ಆಗಲೇ ಅರ್ಜಿ ಹಾಕಿದ್ದ. ಓದುಗರು ಕಲ್ಲಕ್ಕನನ್ನು ಹೊಗಳಿದ್ದೇ ಹೊಗಳಿದ್ದು.

ಎಂಟನೆಯ ದಿನ ಇನ್ನೊಂದು ಕಲ್ಲಿಗೆ ಮಂತ್ರಿಯ ಬಿರುದು ಬೇಕಾಗಿ, ಬಸ್ ನಿಲ್ದಾಣದ ಕಲ್ಲಿಗೆಂದು ನಗರಸಭೆ ಕಚೇರಿಯವರು ಫೋನಿಗೆ ಕಳಿಸಿದ್ದ ಪಟ್ಟಿಯನ್ನು ತೆಗೆದಳು. ಅದರಲ್ಲಿ ಹನ್ನೊಂದು ಹೆಸರಿದ್ದವು. ಕಲ್ಲಿನ ಮೇಲಿದ್ದುದು ಹತ್ತು. ಪಟ್ಟಿಯ ಮೂರನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಉಪಾಧ್ಯಕ್ಷೆ ಕೂತಿದ್ದರು.

ಕಲ್ಲಕ್ಕ ಕಲ್ಲಿನ ಮೇಲೆ ಬರೆಯುವಾಗ ಫೋನ್ ಹಿಡಿದು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುವುದು ಅತ್ತೆಯ ಕೆಲಸ. ಬಸ್ ನಿಲ್ದಾಣದ ಕಲ್ಲು ಬರೆದ ದಿನ ಎರಡನೆಯ ಹೆಸರು ಮುಗಿಯುತ್ತಲೇ ಅತ್ತೆಗೆ ತಂಗಿಯ ಫೋನ್ ಬಂದಿತ್ತು, ಮಂಡಿನೋವಿನ ಮಾತು ಅರ್ಧ ಗಂಟೆ ನಡೆದಿತ್ತು.

“ಆಮೇಲೆ ಒಂದು ಸಾಲು ಹಾರಿಸಿ ಓದಿಬಿಟ್ಟೆ ಅಂತ ಕಾಣುತ್ತೆ ಕಣೆ,” ಎಂದರು ಅತ್ತೆ. “ನೀನಾದ್ರೂ ಎಣಿಸ್ಬೇಕಿತ್ತು.”

ಎಣಿಸಬೇಕಿತ್ತು, ಅದು ನಿಜ. ತನ್ನ ಕೈಯ ತಪ್ಪನ್ನು ತಾನೇ ರಾಜಧಾನಿಯ ಸಂಚು ಎಂದು ಓದಿಕೊಂಡು, ಊರಿಗೆಲ್ಲ ಓದಿಸಿದ್ದಳು. ಗಂಡ ಉಳಿ ಕೆಳಗಿಟ್ಟು, ಸುಮ್ಮನಿದ್ದುಬಿಡು ಎಂದ. ಹೇಗೂ ಆಕೆ ಬರೆದದ್ದೇ ಆಗುತ್ತಿದೆ, ಯಾರೂ ಏನೂ ಕೇಳಿಲ್ಲ.

“ಈಗ ಹೋಗಿ ತಪ್ಪಾಯ್ತು ಅಂದ್ರೆ, ನಾಳೆಯಿಂದ ನಿನ್ನ ಮಾತು ಯಾರು ನಂಬ್ತಾರೆ?”

ಆತ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಆ ನಂಬಿಕೆ ಬಿಟ್ಟರೆ ಬ್ಲಾಗಿನಲ್ಲಿ ಉಳಿಯುವುದೇನು? ಆದರೆ ಯಾರೂ ಕೇಳಿಲ್ಲ ಎಂಬ ಮಾತಿಗೇ ಕಲ್ಲಕ್ಕನಿಗೆ ರೇಗಿತು. ಹನ್ನೊಂದು ಹೆಸರಿನ ಪಟ್ಟಿ ಕಚೇರಿಯಲ್ಲಿತ್ತು, ಅಧ್ಯಕ್ಷರ ಕೈಯಲ್ಲಿತ್ತು, ಮಂತ್ರಿಯ ಕಾರ್ಯದರ್ಶಿಯ ಬಳಿ ಇತ್ತು. ಹೆಸರೆಲ್ಲಿ ಎಂದು ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಮೇಲಿನ ಅಪ್ಪಣೆ ಎಂದುಕೊಂಡು ಅಷ್ಟೂ ಜನ ಅತ್ತೆಯ ತಂಗಿಯ ಮಂಡಿನೋವಿಗೆ ಹೆದರಿ ಕೂತಿದ್ದರು. ತಾನೂ ಕೇಳಲಿಲ್ಲವಲ್ಲ ಎಂದು ಆಕೆಗೆ ನಾಚಿಕೆಯಾಯಿತು. ಉಪಾಧ್ಯಕ್ಷೆಯ ಆ ನಿಂತುಹೋದ ನಗುವನ್ನು ಹತ್ತಿರದಿಂದ ನೋಡಿಯೂ ಕೇಳಿರಲಿಲ್ಲ.

ಮಟಮಟ ಮಧ್ಯಾಹ್ನ ಕೂತು ಬರೆದಳು. “ಉಪಾಧ್ಯಕ್ಷೆಯ ಹೆಸರನ್ನು ಯಾರೂ ತೆಗೆಸಿಲ್ಲ. ಬಿಟ್ಟವಳು ನಾನು. ಕಚೇರಿಯ ಪಟ್ಟಿ ಇದು, ನನ್ನ ಕಲ್ಲು ಇದು. ತಪ್ಪು ನನ್ನದು. ಅದನ್ನು ನೋಡಿಯೂ ಚಪ್ಪಾಳೆ ತಟ್ಟಿದ್ದು ನಿಮ್ಮದು.” ಕೊನೆಯ ವಾಕ್ಯ ಬೇಡವೆಂದು ಗಂಡ ಹೇಳಿ ನೋಡಿದ. ಅದನ್ನೂ ಇಟ್ಟೇ ಪ್ರಕಟಿಸಿದಳು.

ಸಂಜೆಯೊಳಗೆ ಉತ್ತರಗಳು ಬಂದವು. ಎಷ್ಟಕ್ಕೆ ಮಾರಿಕೊಂಡೆ ಎಂದು ಕೆಲವರು, ಯಾರು ಹೆದರಿಸಿದರು ಎಂದು ಕೆಲವರು. ಊಹೆಯನ್ನು ಕಣ್ಣುಮುಚ್ಚಿ ನಂಬಿದ್ದ ಜನ ನಿಜಕ್ಕೆ ಸಾಕ್ಷಿ ಕೇಳಿದರು. ಮುಂದಿನ ಕಲ್ಲು ಬೇಡವೆಂದು ಕಚೇರಿಯಿಂದ ಫೋನೂ ಬಂತು. ಕಲ್ಲಕ್ಕ ಪ್ರತಿಯೊಬ್ಬರಿಗೂ ಪಟ್ಟಿಯದೊಂದು, ಕಲ್ಲಿನದೊಂದು, ಅದೇ ಎರಡು ಚಿತ್ರ ಕಳಿಸುತ್ತ ಹೋದಳು. ತಾನು ಹೇಳುತ್ತಿರುವುದು ಸರಿ ಎಂಬ ಬಗ್ಗೆ ಆಕೆಗೆ ಹಿಂದೆಂದೂ ಇಷ್ಟು ಧೈರ್ಯ ಇರಲಿಲ್ಲ.

ಮರುದಿನ ಬೆಳಿಗ್ಗೆ ಉಪಾಧ್ಯಕ್ಷೆ ಒಬ್ಬರೇ ಮನೆಯ ಹಿಂದಿನ ಮಾಡಿಗೆ ನಡೆದು ಬಂದರು. ಕಲ್ಲಕ್ಕ ಎದ್ದು ನಿಂತು, ಸುತ್ತುಬಳಸದೆ ಕ್ಷಮೆ ಕೇಳಿದಳು. ಕಚೇರಿ ಒಪ್ಪಲಿ ಬಿಡಲಿ, ಹೊಸ ಕಲ್ಲು ತಾನು ಮಾಡಿಕೊಡುವುದಾಗಿ ಹೇಳಿದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಇದ್ದಳು. ಉಪಾಧ್ಯಕ್ಷೆ ಬೈಯಲಿಲ್ಲ, ಅಲ್ಲೇ ದಿಮ್ಮಿಯ ಮೇಲೆ ಕೂತರು.

“ರಾಜಧಾನಿವರೆಗೂ ಹೋಗಿ ಒಬ್ಬೊಬ್ಬರನ್ನೂ ಕೇಳ್ದೆ, ನನ್ನ ಹೆಸರು ತೆಗ್ಸಿದ್ದು ಯಾರು ಅಂತ. ಎಲ್ಲರೂ ಮೇಲಿನವರು ಅಂದ್ರು. ಮೇಲಿನವರನ್ನ ಕೇಳಿದ್ರೆ, ಅವರೂ ಮೇಲಿನವರು ಅಂದ್ರು.” ಕಲ್ಲಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಹೇಳಿದರು, “ಒಂಬತ್ತು ದಿನಕ್ಕೆ ‘ನಾನು’ ಅಂದೋಳು ನೀನೊಬ್ಬಳೇ ಕಣಮ್ಮ.”

ಕಲ್ಲಕ್ಕ ಬಿಳಿ ಪೆನ್ಸಿಲ್ ತೆಗೆದುಕೊಂಡು, ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದಳು.